ಭೀಮಾ ತೀರದ ಅಪರಾಧಗಳು ಟಿವಿ ಕಾರ್ಯಕ್ರಮಗಳಾಗಬೇಕೆ?

ಪರ: ಮುಚ್ಚಿಟ್ಟರೆ ಊರು ಸುಧಾರಿಸುವುದಿಲ್ಲ

ವಿಜಯಪುರ ಜಿಲ್ಲೆಯ ಇಂಡಿ, ಚಡಚಣ, ಸಿಂದಗಿ ಭಾಗದಲ್ಲಿ ಬೆಳೆದವರಿಗೆ ಹಳೆಯ ದ್ವೇಷ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹೊಲದ ಬದುವಿಗೋ ಊರಿನ ಯಜಮಾನಿಕೆಗೋ ಹುಟ್ಟಿದ ವೈರ ಮಕ್ಕಳ ಕಾಲಕ್ಕೂ ದಾಟುವುದನ್ನು, ಕಣ್ಣಾರೆ ಕಂಡವರೇ ಮರುದಿನ ‘ಅವತ್ತು ನಾವು ಊರಾಗ ಇರಲಿಲ್ಲ’ ಎನ್ನುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಈ ಮೌನದಿಂದ ಲಾಭವಾಗುವುದು ಬಲಾಢ್ಯನಿಗೆ ಮಾತ್ರ. ಒಮ್ಮೆ ಟಿವಿಯಲ್ಲಿ ರಾಜ್ಯವೆಲ್ಲ ನೋಡಿದ ಪ್ರಕರಣವನ್ನು ರಾಜಿ ಪಂಚಾಯಿತಿಯಲ್ಲಿ ಮುಗಿಸುವುದಾಗಲಿ, ಅದರ ಕಡತವನ್ನು ಠಾಣೆಯ ಕಪಾಟಿನಲ್ಲಿ ಮರೆಯುವುದಾಗಲಿ ಅಷ್ಟು ಸುಲಭವಲ್ಲ.

1998ರಲ್ಲಿ ಝೀ ಟಿವಿಯಲ್ಲಿ ಆರಂಭವಾದ ‘ಇಂಡಿಯಾಸ್ ಮೋಸ್ಟ್ ವಾಂಟೆಡ್’ ಕಾರ್ಯಕ್ರಮ ತಲೆಮರೆಸಿಕೊಂಡವರ ಚಿತ್ರಗಳನ್ನು ತೋರಿಸಿ, ನೋಡುಗರಿಂದಲೇ ಸುಳಿವು ಕೇಳಿತು. ಪೊಲೀಸರ ಕಣ್ತಪ್ಪಿಸಿದವನು ಬಾಡಿಗೆ ಮನೆಯ ಮಾಲೀಕನ ಕಣ್ಣು ತಪ್ಪಿಸಲಾರ. ನಮ್ಮದು ಗಡಿ ಜಿಲ್ಲೆ. ಹೊಳೆ ದಾಟಿದರೆ ಸೊಲ್ಲಾಪುರ, ಬೇರೆ ರಾಜ್ಯ, ಬೇರೆ ಪೊಲೀಸ್ ವ್ಯವಸ್ಥೆ. ಟಿವಿಗೆ ಆ ಗಡಿಯಿಲ್ಲ.

ಕಳೆದ ವರ್ಷ ನಮ್ಮ ತಾಯಿಗೆ ಸಿಬಿಐ ಅಧಿಕಾರಿ ಎಂದು ಹೇಳಿಕೊಂಡವನೊಬ್ಬನ ವಿಡಿಯೋ ಕರೆ ಬಂತು. ಹಿಂದೆ ಗೋಡೆಗೆ ಲಾಂಛನ, ಮೈಮೇಲೆ ಸಮವಸ್ತ್ರ, ಎಲ್ಲವೂ ಇತ್ತಂತೆ. ‘ಪೊಲೀಸರು ಫೋನಿನಾಗ ಯಾರನ್ನೂ ಅರೆಸ್ಟ್ ಮಾಡೂದಿಲ್ಲ, ಟಿವ್ಯಾಗ ನೋಡೀನಿ’ ಎಂದು ಹೇಳಿ ಅವರು ಕರೆ ಕತ್ತರಿಸಿದರು. ಏಳನೆಯ ತರಗತಿಗೇ ಶಾಲೆ ಬಿಟ್ಟ ಹೆಂಗಸಿಗೆ ಆ ಧೈರ್ಯವನ್ನು ಕೊಟ್ಟದ್ದು ರಾತ್ರಿ ಊಟದ ಹೊತ್ತಿನ ಅಪರಾಧ ಕಾರ್ಯಕ್ರಮ.

ಇನ್ನು ಜಿಲ್ಲೆಯ ಹೆಸರು ಕೆಡುತ್ತದೆ ಎಂಬ ಮಾತು. ಇಲ್ಲಿ ಕಂಟ್ರಿ ಪಿಸ್ತೂಲುಗಳು ಸಿಗುವುದು ನಿಜವಾಗಿರುವಾಗ, ಅದನ್ನು ತೋರಿಸಿದವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ವಿರೋಧ: ನಮ್ಮ ಹೊಳೆಯ ಹೆಸರನ್ನು ನಮಗೆ ಬಿಟ್ಟುಕೊಡಿ

ಭೀಮಾ ನದಿ ಪಂಢರಪುರದಲ್ಲಿ ಚಂದ್ರಭಾಗೆ. ಲಕ್ಷಾಂತರ ವಾರಕರಿಗಳು ಅದರಲ್ಲಿ ಮಿಂದು ವಿಠ್ಠಲನ ದರ್ಶನಕ್ಕೆ ನಿಲ್ಲುತ್ತಾರೆ. ಅದೇ ನೀರು ನಮ್ಮ ಜಿಲ್ಲೆಯ ಗಡಿಗೆ ಬಂದ ಕೂಡಲೇ ಟಿವಿಯ ಬಾಯಲ್ಲಿ ‘ಭೀಮಾ ತೀರದ ಹಂತಕರು’ ಎಂಬ ತಲೆಬರಹವಾಗುತ್ತದೆ. ಒಂದೆರಡು ಮನೆತನಗಳ ವೈರದ ಕಥೆಯನ್ನು ಹಿನ್ನೆಲೆ ಸಂಗೀತ ಹಾಕಿ ಮತ್ತೆ ಮತ್ತೆ ತೋರಿಸಿದ್ದರಿಂದ ಇಡೀ ಹೊಳೆದಂಡೆಗೇ ಆ ಹೆಸರು ಅಂಟಿಕೊಂಡಿದೆ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಪದಗಳನ್ನು ಕೇಳಿ ಬರೆದಿಟ್ಟದ್ದು ಇದೇ ಸೀಮೆಯಲ್ಲಿ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಇಂಡಿಯ ನಿಂಬೆ ಬೆಳೆಯುವುದೂ ಇಲ್ಲಿಯೇ. ಆದರೂ ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ಊರು ಇಂಡಿ ಎಂದು ಕೇಳುತ್ತಲೇ ಮಾಲೀಕರು ಆಗಲೇ ಕೈಗೆ ತೆಗೆದುಕೊಂಡಿದ್ದ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ‘ಭೀಮಾ ತೀರದವರಾ?’ ಎಂದರು. ಮನೆಯವರನ್ನು ಕೇಳಿ ತಿಳಿಸುತ್ತೇನೆಂದವರು ಮತ್ತೆ ತಿಳಿಸಲಿಲ್ಲ.

ಹೆಸರಿನ ನೋವನ್ನು ಹೇಗೋ ನುಂಗಿಕೊಳ್ಳಬಹುದು. ತನಿಖೆಗೆ ಆಗುವ ಹಾನಿ ಅದಕ್ಕಿಂತ ದೊಡ್ಡದು. ಆರೋಪಿಯನ್ನು ಸಾಕ್ಷಿ ಗುರುತಿಸಬೇಕಾದ ಪ್ರಕರಣದಲ್ಲಿ, ಗುರುತು ಪತ್ತೆ ಪರೇಡ್ ಮುಗಿಯುವವರೆಗೆ ಅವನ ಮುಖವನ್ನು ಮುಸುಕಿನಲ್ಲಿಡುವುದೇಕೆ? ಸಾಕ್ಷಿಯ ನೆನಪಿನಲ್ಲಿರುವುದು ಘಟನೆಯ ದಿನ ಕಂಡ ಮುಖವೇ ಹೊರತು ನಿನ್ನೆ ಟಿವಿಯಲ್ಲಿ ಕಂಡ ಮುಖವಲ್ಲ ಎಂಬುದು ನ್ಯಾಯಾಲಯಕ್ಕೆ ಖಚಿತವಾಗಬೇಕು, ಅದಕ್ಕೆ. ಮುಖ ಒಮ್ಮೆ ಪರದೆಯ ಮೇಲೆ ಬಂತೆಂದರೆ ಆರೋಪಿಯ ವಕೀಲರಿಗೆ ಬೇರೆ ವಾದವೇ ಬೇಕಿಲ್ಲ. ಕೇಂದ್ರ ಗೃಹ ಸಚಿವಾಲಯ 2010ರ ಏಪ್ರಿಲ್ 1ರಂದೇ ಬಂಧಿತರನ್ನು ಮಾಧ್ಯಮದ ಮುಂದೆ ಮೆರವಣಿಗೆ ಮಾಡಬಾರದೆಂದು ಸೂಚಿಸಿತ್ತು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪೊಲೀಸರ ಮಾಧ್ಯಮಗೋಷ್ಠಿಗಳಿಗೆ ಹೊಸ ಮಾರ್ಗಸೂಚಿ ಸಿದ್ಧಪಡಿಸಲು ಅದೇ ಸಚಿವಾಲಯಕ್ಕೆ ನಿರ್ದೇಶಿಸಿತು. ಇಷ್ಟಾದರೂ ಪಿಸ್ತೂಲು, ಗುಂಡು, ನೋಟಿನ ಕಂತೆ ಜೋಡಿಸಿದ ಮೇಜಿನ ಹಿಂದೆ ಬಂಧಿತರನ್ನು ಸಾಲಾಗಿ ನಿಲ್ಲಿಸಿದ ದೃಶ್ಯ ನಮಗೇನೂ ಅಪರೂಪವಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಸಾಕ್ಷ್ಯದ ಬೆಲೆಯಿಲ್ಲ, ಆದರೆ ಕಾರ್ಯಕ್ರಮದ ನಿರೂಪಕರಿಗೆ ಅದೇ ತೀರ್ಪು.

ಕ್ಯಾಮೆರಾ ಪೊಲೀಸರ ನಡೆಯನ್ನೇ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಡೆಟ್ರಾಯಿಟ್ ನಗರ ಕಂಡಿದೆ. 2010ರ ಮೇ 16ರ ನಸುಕಿನಲ್ಲಿ ಕೊಲೆ ಆರೋಪಿಯೊಬ್ಬನನ್ನು ಹುಡುಕಿ ಪೊಲೀಸರು ಒಂದು ಮನೆಗೆ ನುಗ್ಗಿದಾಗ, ‘ದ ಫಸ್ಟ್ 48’ ಎಂಬ ಕಾರ್ಯಕ್ರಮದ ಚಿತ್ರೀಕರಣ ತಂಡ ಜೊತೆಗಿತ್ತು. ಕಣ್ಣು ಕುಕ್ಕುವ ಗ್ರೆನೇಡ್ ಸಿಡಿಯಿತು. ಸೋಫಾದ ಮೇಲೆ ಮಲಗಿದ್ದ 7 ವರ್ಷದ ಬಾಲಕಿ ಪೊಲೀಸರ ಗುಂಡಿಗೆ ಬಲಿಯಾದಳು. ಕ್ಯಾಮೆರಾ ಇರದಿದ್ದರೆ ಅಷ್ಟು ಆರ್ಭಟ ಇರುತ್ತಿತ್ತೆ ಎಂದು ಜನ ಕೇಳಿದರು. ಆ ನಗರದ ಪೊಲೀಸ್ ಮುಖ್ಯಸ್ಥರು ಪಾಳುಬಿದ್ದ ರೈಲು ನಿಲ್ದಾಣದ ಮುಂದೆ ರೈಫಲ್ ಹಿಡಿದು ನಿಂತ ಪ್ರಚಾರ ವಿಡಿಯೋ ಅದೇ ವರ್ಷ ಹೊರಬಿತ್ತು. ಜುಲೈನಲ್ಲಿ ಅವರು ಹುದ್ದೆ ಬಿಟ್ಟರು. ಊರಿನ ಪಾಳು ಕಟ್ಟಡವೂ ಪೊಲೀಸರ ಬಂದೂಕೂ ಒಂದೇ ಚಿತ್ರದ ಅಲಂಕಾರವಾದ ಆ ನೋಟ ನನ್ನನ್ನು ಇವತ್ತಿಗೂ ಕಾಡುತ್ತದೆ, ಏಕೆಂದರೆ ನಮ್ಮ ಕಾರ್ಯಕ್ರಮಗಳ ಮೊದಲ ದೃಶ್ಯವೂ ಹೀಗೆಯೇ ಇರುತ್ತದೆ: ಗೋಳಗುಮ್ಮಟ, ಹೊಳೆ, ಜಾಲಿ ಕಂಟಿ, ಆಮೇಲೆ ಪಿಸ್ತೂಲು.

ಮೋಸದ ಕರೆಗಳ ಬಗ್ಗೆ ಎಚ್ಚರಿಸುವ ಕಾರ್ಯಕ್ರಮ ಬೇಡವೆಂದು ನಾನು ಹೇಳುವುದಿಲ್ಲ. ಅದಕ್ಕೆ ಯಾರ ಮುಖವೂ ಬೇಕಿಲ್ಲ.

ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ. ಕೊಲೆ ಪ್ರಕರಣವೊಂದರಲ್ಲಿ ಅವರ ಹೆಸರು ಸೇರಿತ್ತು. ಬಂಧನವಾದ ವಾರವೇ ಅರ್ಧ ಗಂಟೆಯ ಕಂತು ಬಂತು. ಆರು ವರ್ಷದ ಮೇಲೆ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಟ್ಟಿತು. ಆ ಸುದ್ದಿ ಯಾವ ಚಾನೆಲ್ಲಿನಲ್ಲೂ ಬರಲಿಲ್ಲ, ಹಳೆಯ ಕಂತು ಮಾತ್ರ ಯೂಟ್ಯೂಬಿನಲ್ಲಿ ಹಾಗೆಯೇ ಉಳಿದಿದೆ. ಮಗಳನ್ನು ನೋಡಲು ಬಂದ ಬೀಗರು ಮೊಬೈಲಿನಲ್ಲಿ ಅದನ್ನೇ ತೆಗೆದು ಅವರ ಮುಂದೆ ಹಿಡಿದರಂತೆ. ತೀರ್ಪಿನ ಪ್ರತಿಯನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ. ಮನೆಗೆ ಹೊಸಬರು ಬಂದರೆ, ಚಹಾ ಬರುವುದರೊಳಗೆ ಅದನ್ನು ತೆಗೆದು ತೋರಿಸುತ್ತಾರೆ.