ಡಾಲ್ಫಿನ್ ಹತ್ತಿರ ಬರದಿದ್ದರೆ ದುಡ್ಡು ವಾಪಸ್ಸಾ?

ಡೌಟ್‌ಫುಲ್ ಸೌಂಡ್ ಅನ್ನುವ ಫಿಯೋರ್ಡ್‌ನಿಂದ (ಕಡಿದಾದ ಬೆಟ್ಟಗಳ ನಡುವೆ ಒಳಗೆ ಚಾಚಿದ ಉದ್ದನೆಯ ಕಡಲ ಕೊಲ್ಲಿ) ನಿನ್ನೆ ರಾತ್ರಿ ಮನೆಗೆ ಬಂದೆ. ನೆಂದ ಬಟ್ಟೆ ಇನ್ನೂ ಒಣಗಿಲ್ಲ, ಸಿಟ್ಟೂ ಇಳಿದಿಲ್ಲ. ಬರಹ ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ನನ್ನ ಫಿಯೋರ್ಡ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಡುನೆಡಿನ್‌ಗೆ ಬಂದು ನೆಲೆಸಿದ ಮೇಲೆ ಊರಿಂದ ಯಾರೇ ಬರಲಿ, ನ್ಯೂಜಿಲೆಂಡಿನ ಈ ನೈಋತ್ಯ ಮೂಲೆಗೆ ಎಳೆದುಕೊಂಡು ಹೋಗುವುದು ನನ್ನ ಅಭ್ಯಾಸ. ಈ ಸಲ ಅಕ್ಕ, ಭಾವ ಬಂದಿದ್ದರು. ಮನಪೌರಿ ಸರೋವರವನ್ನು ಬೋಟಿನಲ್ಲಿ ದಾಟಿ, ಬಸ್ಸಿನಲ್ಲಿ ವಿಲ್ಮಟ್ ಪಾಸ್ ಹತ್ತಿ ಇಳಿದು, ಫಿಯೋರ್ಡ್‌ನ ಒಳತುದಿಯ ಡೀಪ್ ಕೋವ್‌ನಲ್ಲಿ ಇನ್ನೊಂದು ಬೋಟು ಹತ್ತಬೇಕು. ಅಷ್ಟು ಸುತ್ತಿ ಬಂದರೆ ಮಾತ್ರ ಈ ಜಾಗ ಸಿಗುತ್ತದೆ.

ಆಗಿದ್ದು ಇಷ್ಟು. ದಡದ ಹತ್ತಿರ ಡಾಲ್ಫಿನ್ ಗುಂಪೊಂದು ಕಾಣಿಸಿತು. ಕ್ಯಾಪ್ಟನ್ ಒಬ್ಬ ಹೆಣ್ಣುಮಗಳು, ಮೂವತ್ತರ ಆಸುಪಾಸು ಇರಬಹುದು. ಬೋಟಿನ ವೇಗ ಇಳಿಸಿ ದೂರದಲ್ಲೇ ನಿಲ್ಲಿಸಿದಳು. "ಅವು ದಡದ ರಕ್ಷಿತ ಪಟ್ಟಿಯ ಒಳಗಿವೆ. ಜೊತೆಗೆ ಮರಿ ಇದೆ. ನಾವು ಹತ್ತಿರ ಹೋಗುವುದಿಲ್ಲ. ಅವಕ್ಕೆ ಮನಸ್ಸಾದರೆ ಅವೇ ಬರುತ್ತವೆ" ಅಂತ ಮೈಕಿನಲ್ಲಿ ಹೇಳಿದಳು. ಅವು ಬರಲಿಲ್ಲ. ಶುರುವಾಯಿತು ನೋಡಿ ಗೊಣಗಾಟ. ಒಬ್ಬರು ಸಿಳ್ಳೆ ಹೊಡೆದರು. ಇಬ್ಬರು ಕಂಬಿ ಬಡಿದು ಕರೆಯತೊಡಗಿದರು. ನಮ್ಮ ಹಿಂದೆಯೇ ಕನ್ನಡದವರೊಬ್ಬರು, "ಏನ್ರೀ, ಇಷ್ಟು ದೂರದಿಂದ ಬಂದಿದ್ದೀವಿ, ಸ್ವಲ್ಪ ಹತ್ತಿರ ಹೋದ್ರೆ ಇವರ ಗಂಟೇನು ಹೋಗುತ್ತೆ?" ಅಂದರು. ಕೊನೆಗೆ ಇನ್ಯಾವುದೋ ದೇಶದ ಒಬ್ಬ ಮನುಷ್ಯ ಸಿಬ್ಬಂದಿ ಹುಡುಗನನ್ನು ನಿಲ್ಲಿಸಿಕೊಂಡು, ಡಾಲ್ಫಿನ್ ಸರಿಯಾಗಿ ತೋರಿಸದೆ ಪೂರ್ತಿ ಟಿಕೆಟ್ ದುಡ್ಡು ಹೇಗೆ ತಗೊಳ್ತೀರಿ ಅಂತ ಜಗಳಕ್ಕೇ ಇಳಿದ.

ನನಗೆ ಮೈ ಉರಿದು ಹೋಯಿತು. ಟಿಕೆಟ್ ಕೊಟ್ಟಿದ್ದು ಬೋಟಿಗೆ ಕಣ್ರೀ, ಡಾಲ್ಫಿನ್‌ಗಲ್ಲ.

ಆ ಹೆಣ್ಣುಮಗಳು ಹತ್ತಿರ ಹೋಗಲ್ಲ ಅಂದಿದ್ದಕ್ಕೆ ಗಟ್ಟಿ ಕಾರಣ ಇದೆ. ಡೌಟ್‌ಫುಲ್ ಸೌಂಡ್ ಸುಮಾರು 40 ಕಿಲೋಮೀಟರ್ ಉದ್ದದ ಫಿಯೋರ್ಡ್. ಆಳ 400 ಮೀಟರ್ ದಾಟುತ್ತದೆ. ಇಷ್ಟು ದೊಡ್ಡ ಜಾಗದಲ್ಲಿ ವರ್ಷವಿಡೀ ಇರುವ ಬಾಟಲ್‌ನೋಸ್ ಡಾಲ್ಫಿನ್‌ಗಳು ಹೆಚ್ಚೆಂದರೆ ಆರೇಳು ಡಜನ್. ಈ ಜಾತಿ ಜಗತ್ತಿನಲ್ಲಿ ಬದುಕುವ ತೀರಾ ದಕ್ಷಿಣದ ಜಾಗಗಳಲ್ಲಿ ಇದೂ ಒಂದು. ಚಳಿ ನೀರಿಗೆ ಒಗ್ಗಿ ಇವುಗಳ ಮೈ ದಪ್ಪ, ರೆಕ್ಕೆಗಳು ಚಿಕ್ಕವು. ಒಟಾಗೋ ವಿಶ್ವವಿದ್ಯಾಲಯದವರು 1990ರಿಂದ ಇವುಗಳ ಲೆಕ್ಕ ಇಡುತ್ತಿದ್ದಾರೆ. ಬೆನ್ನುರೆಕ್ಕೆಯ ಗಾಯ, ಕಚ್ಚು ನೋಡಿಯೇ ಯಾವುದು ಯಾವುದು ಅಂತ ಗುರುತು ಹಿಡಿಯುತ್ತಾರೆ. ಇಲ್ಲಿ ಒಂದು ಮರಿ ಸತ್ತರೂ ಅದು ಆ ಪುಸ್ತಕದಲ್ಲಿ ಎದ್ದು ಕಾಣುವ ನಷ್ಟ.

ಮರಿಗಳು ಹುಟ್ಟುವುದು ಯಾವಾಗ? ನೀರು ಸ್ವಲ್ಪ ಬೆಚ್ಚಗಿರುವ ಬೇಸಿಗೆಯಲ್ಲಿ, ಇಲ್ಲಿನ ಡಿಸೆಂಬರ್ ಆದಮೇಲೆ. ಬೋಟುಗಳು ಜಾಸ್ತಿ ಓಡುವುದು ಯಾವಾಗ? ಅದೇ ಬೇಸಿಗೆಯಲ್ಲಿ. ಬೋಟು ಹತ್ತಿರ ಬಂದರೆ ಇವು ವಿಶ್ರಾಂತಿ ಬಿಟ್ಟು ಸರಿದು ಹೋಗುತ್ತವೆ, ಒಂದರೊಡನೊಂದು ಬೆರೆಯುವುದನ್ನೂ ನಿಲ್ಲಿಸುತ್ತವೆ ಅಂತ ಇದೇ ಫಿಯೋರ್ಡ್‌ನಲ್ಲಿ ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಹಸುಗೂಸಿನ ತಾಯಿಗೆ ನಿದ್ದೆ ಎಷ್ಟು ಮುಖ್ಯ ಅಂತ ಬಾಣಂತನ ಮಾಡಿದ ಅಮ್ಮಂದಿರನ್ನು ಕೇಳಿ, ಹೇಳುತ್ತಾರೆ.

ಇದೆಲ್ಲ ನೋಡಿಯೇ 2008ರಲ್ಲಿ ಇಲ್ಲಿ ಒಂದು ಒಪ್ಪಂದ ಆಯಿತು. ಡಾಲ್ಫಿನ್‌ಗಳು ಹೆಚ್ಚಾಗಿ ಇರುವ ಕಡೆ ದಡದಿಂದ 200 ಮೀಟರ್ ಪಟ್ಟಿಯೊಳಗೆ ಬೋಟು ಹೋಗಬಾರದು, ಡಾಲ್ಫಿನ್ ಹುಡುಕಿಕೊಂಡು ಅಲೆಯಬಾರದು ಅಂತ. ಅದಕ್ಕೂ ಮುಂಚೆ 1992ರ ಕಾನೂನಿದೆ. 300 ಮೀಟರ್ ಒಳಗೆ ಮೂರಕ್ಕಿಂತ ಜಾಸ್ತಿ ಬೋಟು ಇರುವಂತಿಲ್ಲ, ಅಲೆ ಏಳದಷ್ಟು ನಿಧಾನ ಹೋಗಬೇಕು, ಎದುರಿನಿಂದ ಅಡ್ಡ ಹಾಕಬಾರದು, ಹತ್ತಿರ ನಿಂತು ಗಲಾಟೆ ಮಾಡಬಾರದು. ಕಂಬಿ ಬಡಿದವರೇ, ಕೇಳಿಸಿತಾ?

ಮರಿಯನ್ನು ನಾನು ದುರ್ಬೀನಿನಲ್ಲಿ ನೋಡಿದೆ. ಅದನ್ನು ಹೇಳದೆ ಹೇಗಿರಲಿ! ತಾಯಿ ನುಣ್ಣಗೆ ಮೇಲೆದ್ದು ಉಸಿರು ಬಿಟ್ಟು ಜಾರಿ ಹೋಗುತ್ತಿತ್ತು. ಮರಿಗೆ ಅದಿನ್ನೂ ಬರುತ್ತಿರಲಿಲ್ಲ. ಗದ್ದ ಎತ್ತಿ, ಅರ್ಧ ತಲೆ ನೀರಿನಾಚೆ ಹಾಕಿ, ದಬಕ್ ಅಂತ ಬೀಳುತ್ತಿತ್ತು. ಪಕ್ಕೆಯ ಮೇಲೆ ಮೂರು ನಾಲ್ಕು ಬಿಳಿಚಿದ ಗೆರೆ. ಅಮ್ಮನ ಹೊಟ್ಟೆಯೊಳಗೆ ಮಡಚಿಕೊಂಡಿದ್ದಾಗ ಬಿದ್ದ ಗೆರೆಗಳು ಅವು. ಇನ್ನೂ ಮಾಸಿಲ್ಲ ಅಂದರೆ ಅದು ತೀರಾ ಎಳೆಯ ಮರಿ. ನನಗೆ ಕಣ್ಣು ತುಂಬಿ ಬಂತು. ದುರ್ಬೀನು ಅಕ್ಕನ ಕೈಗೆ ಕೊಟ್ಟು ತಿರುಗಿ ನಿಂತೆ. ಅಷ್ಟು ಹೊತ್ತಿಗೆ ಹಿಂದಿನಿಂದ ಮತ್ತೆ ಸಿಳ್ಳೆ!

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ಭಾವನೇ ಕೇಳಿದರು. "ಮನಪೌರಿ ಪವರ್‌ಹೌಸ್ ಇಷ್ಟೊಂದು ನೀರು ತಂದು ಇಲ್ಲಿಗೇ ಸುರಿಯುತ್ತೆ. ಅದಕ್ಕಿಲ್ಲದ ಅಡ್ಡಿ ನಾಲ್ಕು ಬೋಟಿಗೆ ಯಾಕಮ್ಮಾ?" ಅಂತ. ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸರೋವರದ ನೀರು ಟರ್ಬೈನ್ ತಿರುಗಿಸಿ ಬೆಟ್ಟದೊಳಗಿನ 10 ಕಿಲೋಮೀಟರ್ ಸುರಂಗದಲ್ಲಿ ಡೀಪ್ ಕೋವ್‌ಗೆ ಬಂದು ಬೀಳುತ್ತದೆ. 2002ರಲ್ಲಿ ಎರಡನೇ ಸುರಂಗವೂ ಶುರುವಾಯಿತು. ಅದಾದ ಮೇಲೆ ಮರಿಗಳು ಬದುಕಿ ಉಳಿಯುವುದು ಕಡಿಮೆಯಾಯಿತು ಅಂತ ಸಂಶೋಧಕರೇ ಬರೆದಿದ್ದಾರೆ. ಒಪ್ಪಿದೆ. ಆದರೆ ಭಾವಾ, ಆಗಲೇ ಒಂದು ಕಡೆಯಿಂದ ಪೆಟ್ಟು ತಿಂದಿರುವ ಪ್ರಾಣಿಗೆ ಇನ್ನೊಂದು ಕಡೆಯಿಂದ ನಾವೂ ಕೊಡಬೇಕು ಅನ್ನುವುದು ಯಾವ ಸೀಮೆ ನ್ಯಾಯ? ಪವರ್‌ಹೌಸ್ ನಿಲ್ಲಿಸುವುದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಸಿಳ್ಳೆ ನಿಲ್ಲಿಸುವುದು ಇದೆ, ಅಲ್ವಾ?

"ಜೀವಮಾನದಲ್ಲಿ ಒಂದೇ ಸಲ ಬರೋದು" ಅನ್ನುವ ಮಾತೂ ಬಂತು. ಬೋಟಿನಲ್ಲಿರುವ ಪ್ರತಿಯೊಬ್ಬರೂ ಒಂದೇ ಸಲ ಬರುವವರು. ನಾಳೆ ಬರುವವರೂ ಅಷ್ಟೇ. ಡಾಲ್ಫಿನ್‌ಗೆ ಮಾತ್ರ ಅದು ದಿನಾ.

ಇನ್ನೊಂದು ವಿಷಯಕ್ಕೆ ನನಗೆ ಇನ್ನೂ ಜಾಸ್ತಿ ಬೇಜಾರು. ಡಾಲ್ಫಿನ್ ದೂರ ಹೋಯಿತು ಅಂತ ಮುಕ್ಕಾಲು ಪಾಲು ಜನ ಒಳಗೆ ಹೋಗಿ ಮೊಬೈಲ್ ಹಿಡಿದು ಕೂತರು. ಹೊರಗೆ ಏನಿತ್ತು ಗೊತ್ತಾ? ಹಿಂದಿನ ದಿನ ಸುರಿದ ಮಳೆಗೆ ಎರಡೂ ಕಡೆಯ ಬಂಡೆ ಗೋಡೆಗಳ ತುಂಬ ಜಲಪಾತ. ಇಲ್ಲೇ ಉತ್ತರಕ್ಕಿರುವ ಮಿಲ್ಫೋರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆಗುಂಬೆಯ ಮಳೆ ಕಂಡವರಿಗೆ ಇದರ ಅಂದಾಜು ಸಿಗುತ್ತದೆ. ಆ ಗೋಡೆಗಳ ಮೇಲೆ ಮಣ್ಣೇ ಇಲ್ಲ. ಪಾಚಿ ಮೇಲೆ ಬೇರೂರಿ, ಒಂದರ ಬೇರು ಇನ್ನೊಂದು ಹಿಡಿದುಕೊಂಡು ಮರಗಳು ನಿಂತಿವೆ. ಒಂದು ಜಾರಿದರೆ ಕೆಳಗಿನವನ್ನೆಲ್ಲ ಎಳೆದುಕೊಂಡು ಸಮುದ್ರಕ್ಕೆ ಬೀಳುತ್ತದೆ. ಬಂಡೆ ಮೇಲೆ ಉದ್ದುದ್ದ ಬೋಳು ಗೀರು ಉಳಿಯುತ್ತದೆ. ಅಲ್ಲಿ ಮತ್ತೆ ಪಾಚಿಯಿಂದ ಶುರು.

ಕಾಡಿನ ಎಲೆ, ತೊಗಟೆ ತೊಳೆದು ಬಂದ ಮಳೆನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಉಪ್ಪುನೀರಿನ ಮೇಲೆ ಪದರವಾಗಿ ನಿಂತಿರುತ್ತದೆ. ಅದು ಬೆಳಕನ್ನು ತಡೆಯುವುದರಿಂದ ಆಳ ಸಮುದ್ರದ ಕಪ್ಪು ಹವಳ ಇಲ್ಲಿ ಹತ್ತು ಮೀಟರ್ ಆಳದಲ್ಲೇ ಬೆಳೆಯುತ್ತದೆ. ಕ್ಯಾಪ್ಟನ್ ಇದನ್ನೆಲ್ಲ ಎಷ್ಟು ಚೆನ್ನಾಗಿ ವಿವರಿಸಿದಳು! ಹಾಲ್ ಆರ್ಮ್ ಅನ್ನುವ ಕವಲಿನೊಳಗೆ ಎಂಜಿನ್ ಆಫ್ ಮಾಡಿ, ಐದು ನಿಮಿಷ ಮಾತಾಡಬೇಡಿ ಅಂದಳು. ನೀರು ಬೀಳುವ ಸದ್ದು, ದೂರದಲ್ಲೊಂದು ಬೆಲ್‌ಬರ್ಡ್ ಹಕ್ಕಿಯ ದನಿ. ಎರಡನೇ ನಿಮಿಷಕ್ಕೇ ಒಳಗಿನಿಂದ ಯಾರದೋ ಮೊಬೈಲಿನ ವಿಡಿಯೋ ಗಟ್ಟಿಯಾಗಿ ಕೇಳಿತು.

ಈ ಕರಾವಳಿ ಪ್ರಾಣಿಗಳನ್ನು ಅಟ್ಟಿಸಿಕೊಂಡು ಹೋದದ್ದರ ಫಲ ಮೊದಲೇ ಉಂಡಿದೆ. 1792ರಲ್ಲಿ ದಕ್ಷಿಣದ ಡಸ್ಕಿ ಸೌಂಡ್‌ನಲ್ಲಿ ಹಡಗೊಂದು ಸೀಲ್ ಬೇಟೆಗಾರರನ್ನು ಇಳಿಸಿ ಹೋಯಿತು. ಒಂದು ವರ್ಷ ತುಂಬುವುದರೊಳಗೆ 4,500 ಚರ್ಮ ಸುಲಿದಿಟ್ಟಿದ್ದರು. ಆಮೇಲೆ ಬೇರೆ ಹಡಗುಗಳೂ ಬಂದವು. ಫರ್ ಸೀಲ್‌ಗಳು ನಾಮಾವಶೇಷ ಆಗುವ ಹಂತಕ್ಕೆ ಹೋದವು. ನಿನ್ನೆ ಫಿಯೋರ್ಡ್‌ನ ಬಾಯಲ್ಲಿ, 'ನೀ ಐಲೆಟ್ಸ್' ಅನ್ನುವ ಬಂಡೆಗಳ ಮೇಲೆ ಅವೇ ಸೀಲ್‌ಗಳು ಅಲೆ ಬಡಿದರೂ ಕದಲದೆ ಮಲಗಿದ್ದವು. ಕೊಲ್ಲುವುದನ್ನು ನಿಲ್ಲಿಸಿ ಸುಮ್ನೆ ಬಿಟ್ಟದ್ದಕ್ಕೆ ವಾಪಸ್ ಬಂದವು. ಅಲ್ಲೂ ಒಬ್ಬರು, "ಅದನ್ನ ಎಬ್ಬಿಸೋಕೆ ಆಗಲ್ವಾ?" ಅಂದರು. ನಾನು ಜೋರಾಗಿಯೇ "ಬೇಡ" ಅಂದೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿದಳು.

ನಮ್ಮ ಕಾರವಾರದ ಕಡಲಲ್ಲೂ ಡಾಲ್ಫಿನ್ ತೋರಿಸುವ ಬೋಟುಗಳಿವೆ. ಅಲ್ಲಿ ಬೋಟು ಓಡಿಸುವ ಹುಡುಗರನ್ನು ನಾನು ಬೈಯುವುದಿಲ್ಲ. ಹತ್ತಿರ ಹೋಗು, ಇನ್ನೂ ಹತ್ತಿರ ಹೋಗು, ಇಲ್ಲಾಂದ್ರೆ ದುಡ್ಡು ಕೊಡಲ್ಲ ಅಂತ ಕೂತವರೇ ಒತ್ತಾಯ ಮಾಡಿದರೆ ಅವನೇನು ಮಾಡಿಯಾನು? ನಿನ್ನೆಯ ಆ ಕ್ಯಾಪ್ಟನ್‌ಗೆ ಬೆನ್ನಿಗೆ ಕಾನೂನಿತ್ತು, ತಾನೂ ಗಟ್ಟಿಗಿತ್ತಿ. ಅಷ್ಟು ಜನ ಮುಖ ಗಂಟು ಹಾಕಿಕೊಂಡರೂ ಬೋಟನ್ನು ಒಂದಿಂಚೂ ಮುಂದೆ ಬಿಡಲಿಲ್ಲ. ಇಳಿಯುವಾಗ ಅವಳ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. "ಬಹಳ ಜನ ಇದಕ್ಕೆ ಬೈಯುತ್ತಾರೆ, ಥ್ಯಾಂಕ್ಸ್ ಹೇಳುವವರು ಕಡಿಮೆ" ಅಂದಳು. ಆ ಮಾತು ಕೇಳಿ ನನಗಾದ ಸಂಕಟ ಅಷ್ಟಿಷ್ಟಲ್ಲ.

ಡಿಸೆಂಬರ್‌ಗೆ ಬರುತ್ತೇವೆ ಅಂದಿರುವ ಮೈಸೂರಿನ ಗೆಳೆಯರೇ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಒಳ್ಳೆ ರೇನ್‌ಕೋಟ್ ತನ್ನಿ. ಸ್ಯಾಂಡ್‌ಫ್ಲೈ ಅನ್ನುವ ಸಣ್ಣ ನೊಣ ಕಚ್ಚಿದರೆ ತುರಿಕೆ ದಿನಗಟ್ಟಲೆ ಹೋಗಲ್ಲ, ಅದಕ್ಕೆ ಹಚ್ಚಿಕೊಳ್ಳುವ ಕ್ರೀಮ್ ಇಲ್ಲೇ ಸಿಗುತ್ತದೆ. ಡಾಲ್ಫಿನ್ ಕಾಣುತ್ತಾ ಅಂತ ಕೇಳಿದರೆ ಕಂಡರೂ ಕಾಣಬಹುದು ಅಂತೀನಿ, ಅದಕ್ಕಿಂತ ಹೆಚ್ಚು ಹೇಳಲ್ಲ. ಹತ್ತಿರ ಹೋಗಲೇಬೇಕು ಅನ್ನುವವರಿದ್ದರೆ ಮೊದಲೇ ತಿಳಿಸಿ. ನಿಮ್ಮನ್ನು ನಮ್ಮ ಡುನೆಡಿನ್‌ನ ತೈಯರೋವಾ ಹೆಡ್‌ಗೆ ಕರೆದುಕೊಂಡು ಹೋಗಿ ಆಲ್ಬಟ್ರಾಸ್ ಕಡಲಹಕ್ಕಿ ತೋರಿಸುತ್ತೇನೆ, ಗಾಜಿನ ಹಿಂದೆ ಕೂತು ನೋಡಬಹುದು. ಡೌಟ್‌ಫುಲ್ ಸೌಂಡ್‌ಗೆ ಮಾತ್ರ ನನ್ನ ಜೊತೆ ಬರಬೇಡಿ.