ಇಲ್ಲೇ ಪಕ್ಕದಲ್ಲಿ, ನಾಲ್ಕೇ ಗಂಟೆ

ಅಮೆರಿಕದಲ್ಲಿರುವ ನಮ್ಮ ನೆಂಟರು ಯಾರೂ ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ, ಗಂಟೆಯಲ್ಲಿ ಹೇಳುತ್ತಾರೆ. ಅದೂ ನಿಜವಾದ ಗಂಟೆಯಲ್ಲ. ಟ್ರಾಫಿಕ್ ಇಲ್ಲದ ಬೆಳಗಿನ ಜಾವ, ಮಕ್ಕಳಿಲ್ಲದೆ, ಬಾತ್‌ರೂಮಿಗೆ ಎಲ್ಲೂ ನಿಲ್ಲಿಸದೆ ಒಬ್ಬನೇ ಹೋದರೆ ಎಷ್ಟಾಗುತ್ತದೋ ಅಷ್ಟು. ಈ ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿಂದ ನ್ಯೂಜೆರ್ಸಿಗೆ ಬಂದಿದ್ದಾರೆ ಅಂತ ಗೊತ್ತಾಗಿದ್ದೇ ತಡ, ಫೋನುಗಳು ಶುರುವಾದವು. ಪಿಟ್ಸ್‌ಬರ್ಗಿನಿಂದ ಅತ್ತೆಯ ಮಗ, "ಐದೂವರೆ ಗಂಟೆ ಅಷ್ಟೇ, ಮಾವನ್ನ ಕರ್ಕೊಂಡು ಬನ್ನಿ" ಅಂದ. ಕೊಲಂಬಸ್‌ನಲ್ಲಿರುವ ದೊಡ್ಡಮ್ಮನ ಮಗಳಿಗೆ ಅದು ಹೇಗೋ ತಿಳಿದು, "ಪಿಟ್ಸ್‌ಬರ್ಗಿಗೆ ಬಂದವರು ಇಲ್ಲಿಗೆ ಬರಲ್ವಾ, ಮೂರೇ ಗಂಟೆ" ಅಂದಳು. ಶಿಕಾಗೋ ಹತ್ತಿರ ನೇಪರ್‌ವಿಲ್‌ನಲ್ಲಿರುವ ನನ್ನ ಭಾವನವರು, ಅಂದರೆ ನಮ್ಮವರ ಅಣ್ಣ, ಹೆಚ್ಚು ಮಾತಾಡುವವರಲ್ಲ. "ಬರ್ತೀರಲ್ಲ" ಅಂದರು, ಅಷ್ಟೇ. ಅದು ಪ್ರಶ್ನೆಯಲ್ಲ ಅಂತ ನಮ್ಮವರಿಗೆ ಚಿಕ್ಕಂದಿನಿಂದಲೇ ಗೊತ್ತು.

ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದವರು. ಎಲ್ಲವನ್ನೂ ಕೂಡಿಸಿ, ಎಂಟುನೂರು ಮೈಲಿ ಚಿಲ್ಲರೆಯನ್ನು 1.6ರಿಂದ ಗುಣಿಸಿ, "ಬೆಂಗಳೂರಿಂದ ಮುಂಬೈಗಿಂತ ದೂರ ಆಯ್ತಲ್ರೀ ಇದು! ಊಟಕ್ಕೆ ಅಂತ ಯಾರಾದ್ರೂ ಕಾರಲ್ಲಿ ಮುಂಬೈಗೆ ಹೋಗ್ತಾರಾ?" ಅಂತ ಅಳಿಯನನ್ನು ಕೇಳಿದರು. ಅಳಿಯ ನಕ್ಕರು. ಅಳಿಯಂದಿರಿಗೆ ಇರುವ ದೊಡ್ಡ ಅನುಕೂಲ ಇದು, ನಕ್ಕರೆ ಉತ್ತರ ಕೊಟ್ಟಂತೆ.

ಹೊರಟೆವು. ಏಳು ಸೀಟಿನ ವ್ಯಾನು, ನಾವು ಆರು ಜನ, ಏಳನೇ ಸೀಟಿನಲ್ಲಿ ಅಮ್ಮನ ಡಬ್ಬಿಗಳ ಚೀಲ. ಅದಕ್ಕೂ ಸೀಟ್ ಬೆಲ್ಟ್ ಹಾಕಿದ್ದರು, ಸುಮ್ನೆ ಹೇಳ್ತಿಲ್ಲ.

ಮೊದಲನೇ ಎಡವಟ್ಟು ಪೆನ್ಸಿಲ್ವೇನಿಯಾಕ್ಕೆ ಕಾಲಿಟ್ಟ ಕೂಡಲೇ ಆಯಿತು. ನ್ಯೂಜೆರ್ಸಿಯಲ್ಲಿ ನಮ್ಮ ಗಾಡಿಗೆ ನಾವೇ ಗ್ಯಾಸ್, ಅಂದರೆ ಪೆಟ್ರೋಲ್, ತುಂಬಿಸಿಕೊಳ್ಳುವಂತಿಲ್ಲ, 1949ರಿಂದ ಕಾನೂನೇ ಹಾಗಿದೆ. ಈಗ ಇಡೀ ದೇಶದಲ್ಲಿ ಇಂಥ ರಾಜ್ಯ ಅದೊಂದೇ. ಅಲ್ಲೇ ವರ್ಷಗಟ್ಟಲೆ ಇದ್ದವರಿಗೆ ಸೀಟಿನಿಂದ ಏಳಬೇಕು ಅನ್ನುವುದೇ ಮರೆತುಹೋಗಿರುತ್ತದೆ. ನಮ್ಮವರು ಪಂಪಿನ ಪಕ್ಕ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಕಾರ್ಡನ್ನು ಎರಡು ಬೆರಳಿನ ಮಧ್ಯೆ ಹಿಡಿದು ಕೈ ಹೊರಗೆ ಚಾಚಿ, ಫೋನ್ ನೋಡುತ್ತಾ ಕೂತರು. ಹಿಂದೆ ಒಂದು ಗಾಡಿ ಬಂತು. ಅದರ ಹಿಂದೆ ಇನ್ನೊಂದು. ಯಾರೂ ಕಾರ್ಡ್ ತೆಗೆದುಕೊಳ್ಳಲಿಲ್ಲ. ಕಡೆಗೆ ಪಕ್ಕದ ಪಂಪಿನಲ್ಲಿದ್ದ ಅಜ್ಜ ಒಬ್ಬ ನಮ್ಮ ನಂಬರ್ ಪ್ಲೇಟ್ ನೋಡಿ, ಎಲ್ಲ ಅರ್ಥವಾದವನಂತೆ ತಲೆಯಾಡಿಸಿ, "ನ್ಯೂಜೆರ್ಸಿ, ಅಲ್ವಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ. ಆ ದನಿಯಲ್ಲಿ ಕರುಣೆ ಇತ್ತು.

ಆಮೇಲೆ ಸುರಂಗಗಳು. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಅನ್ನುವ ಟೋಲ್ ಹೆದ್ದಾರಿಯಲ್ಲಿ ಪಿಟ್ಸ್‌ಬರ್ಗ್ ಕಡೆಗೆ ಹೋಗುವಾಗ ಬೆಟ್ಟ ಕೊರೆದು ಮಾಡಿದ ನಾಲ್ಕು ಸುರಂಗಗಳು ಸಿಗುತ್ತವೆ. ಸುರಂಗದೊಳಗೆ ಉಸಿರು ಬಿಗಿಹಿಡಿಯಬೇಕು ಅನ್ನುವುದು ಇಲ್ಲಿನ ಮಕ್ಕಳ ಆಟ. ಇದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಬ್ಲೂ ಮೌಂಟನ್ ಸುರಂಗದ ಒಳಗೆ ಹೊಕ್ಕಿದ್ದೇ ನಮ್ಮ ಮಕ್ಕಳಿಬ್ಬರೂ ಕೆನ್ನೆ ಉಬ್ಬಿಸಿ, ಕಣ್ಣು ಗುಡ್ಡೆ ಹೊರಗೆ ಬಿಟ್ಟು ಕೂತರು. ಅಮ್ಮ ಹಿಂದೆ ತಿರುಗಿ ನೋಡಿದರು. ಮೊಮ್ಮಗನ ಮುಖ ಕೆಂಪಗಾಗಿದೆ, ಮೊಮ್ಮಗಳು ಮಾತಾಡಿಸಿದರೆ ಬರೀ ಕೈ ಆಡಿಸುತ್ತಾಳೆ. "ಅಯ್ಯೋ, ವಾಂತಿ ಬರ್ತಿದೆ ಕಣೇ ಮಕ್ಳಿಗೆ, ಕವರ್ ಕೊಡೇ!" ಅಂತ ಕೂಗಿಕೊಂಡರು. ಸುರಂಗ ಮುಗಿಯಿತು, ಮಕ್ಕಳು ಉಸ್ಸಂತ ಉಸಿರು ಬಿಟ್ಟರು, ಅಮ್ಮ "ಸದ್ಯ" ಅಂದರು. ಆದರೆ ಬ್ಲೂ ಮೌಂಟನ್ ಬೆನ್ನಿಗೇ ಕಿಟಟಿನ್ನಿ ಸುರಂಗ ಇದೆ, ಮಧ್ಯೆ ಆಕಾಶ ಕಾಣುವುದು ಒಂದು ಕ್ಷಣ ಮಾತ್ರ. ಮತ್ತೆ ಕೆನ್ನೆ ಉಬ್ಬಿತು. ಈ ಸಲ ಅಮ್ಮ ತಡಮಾಡಲಿಲ್ಲ. ನೀರಿನ ಬಾಟಲಿ ತೆಗೆದು ಮೊಮ್ಮಗನ ತಲೆಗೆ ನೀರು ತಟ್ಟಿದರು, ಮೊಮ್ಮಗಳ ಬೆನ್ನಿಗೆ ಗುದ್ದಿದರು, ಅವಳು ಹಿಡಿದಿದ್ದ ಉಸಿರು ಬಾಯಲ್ಲಿದ್ದ ಜ್ಯೂಸಿನ ಸಮೇತ ನನ್ನ ಕುತ್ತಿಗೆಗೆ ಬಂತು. ಮುಂದೆ ಒಂದು ಮೈಲಿಗಿಂತ ಉದ್ದದ ಅಲಿಗೆನಿ ಸುರಂಗ ಬರುವ ಹೊತ್ತಿಗೆ ಅಮ್ಮನಿಗೆ ಆಟ ಅರ್ಥವಾಗಿತ್ತು. ಅವರೂ ಆಡಿದರು. ಪ್ರಾಣಾಯಾಮದ ಅಭ್ಯಾಸ ಇರುವವರು, ಗೆದ್ದರು.

ಪಿಟ್ಸ್‌ಬರ್ಗ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪೆನ್ ಹಿಲ್ಸ್‌ನ ಗುಡ್ಡದ ಮೇಲೆ ವೆಂಕಟೇಶ್ವರನ ದೇವಸ್ಥಾನ ಇದೆ, 1970ರ ದಶಕದಲ್ಲಿ ಕಟ್ಟಿದ್ದು, ಈ ದೇಶದ ಹಳೆಯ ದೇವಸ್ಥಾನಗಳಲ್ಲಿ ಒಂದು. ದರ್ಶನ ಚೆನ್ನಾಗಿ ಆಯಿತು, ಕೆಳಗೆ ಪುಳಿಯೋಗರೆ ಅದಕ್ಕಿಂತ ಚೆನ್ನಾಗಿತ್ತು. ಆ ಮನೆಯಲ್ಲಿ ತೊಂದರೆ ಆಗಿದ್ದು ಸ್ನಾನದ ಮನೆಯದು.

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮೆರಿಕದಲ್ಲಿ ಮನೆಗಳೆಲ್ಲ ಒಂದೇ ಥರ ಇರುತ್ತವೆ, ಕಾರ್ಪೆಟ್ಟು ಒಂದೇ ಥರ, ಬಾಗಿಲ ಹಿಡಿ ಒಂದೇ ಥರ. ಷವರಿನ ನಲ್ಲಿ ಮಾತ್ರ ಮನೆಗೊಂದು ಥರ. ಒಂದು ಕಡೆ ಹಿಡಿಯನ್ನು ತನ್ನ ಕಡೆ ಎಳೆದು ಎಡಕ್ಕೆ ತಿರುಗಿಸಬೇಕು. ಇನ್ನೊಂದು ಕಡೆ ಎಳೆದರೆ ಹಿಡಿ ಕೈಗೇ ಬರುತ್ತದೆ, ಅಲ್ಲಿ ಬರೀ ತಿರುಗಿಸಬೇಕು. ಪಿಟ್ಸ್‌ಬರ್ಗಿನ ಮನೆಯಲ್ಲಿ ನೀರು ಕೆಳಗಿನ ನಲ್ಲಿಯಲ್ಲಿ ಧಾರಾಳವಾಗಿ ಬಂತು, ಮೇಲಕ್ಕೆ ಹತ್ತಲೇ ಇಲ್ಲ. ಅಪ್ಪ ಗೋಡೆಯಲ್ಲಿದ್ದ ಎಲ್ಲವನ್ನೂ ಒತ್ತಿ, ತಿರುಗಿಸಿ, ಬಾಗಿಲ ಸಂದಿಯಿಂದ ನನ್ನನ್ನು ಕರೆದರು. ನಾನು ಅತ್ತೆಯ ಮಗನನ್ನು ಕರೆದೆ, ಅವನು ಹೆಂಡತಿಯನ್ನು ಕರೆದ. ಆ ನಲ್ಲಿಯ ಮೂತಿಗೆ ಕೆಳಗಡೆ ಬಳೆಯಷ್ಟಗಲ ಒಂದು ಉಂಗುರ ಇದೆ, ಬಗ್ಗಿ ನೋಡಿದರೂ ಕಾಣಿಸುವುದಿಲ್ಲ, ಕೈಯಲ್ಲಿ ತಡಕಿ ಕೆಳಕ್ಕೆ ಎಳೆಯಬೇಕಂತೆ. ಅವಳು ಅದನ್ನು ಎಳೆದು ತೋರಿಸಿದಾಗ ಷವರಿನ ಕೆಳಗೆ ನಿಂತಿದ್ದವಳು ನಾನು, ಪ್ಯಾಂಟು ಶರಟು ಸಮೇತ.

ಕೊಲಂಬಸ್‌ನಲ್ಲಿ ಅಪ್ಪ ಬುದ್ಧಿವಂತರಾಗಿದ್ದರು. "ಒಂದು ಬಕೆಟ್ ಕೊಟ್ಬಿಡಮ್ಮ" ಅಂದರು. ಅಕ್ಕನ ಮನೆಯಲ್ಲಿ ಬಕೆಟ್ ಇತ್ತು, ಆದರೆ ಅದರೊಳಗೆ ನೆಲ ಒರೆಸುವ ಮಾಪು ನಿಂತಿತ್ತು.

ಅಕ್ಕನ ಮನೆಯ ಇನ್ನೊಂದು ವಿಶೇಷ ಎಸಿ. ಅಕ್ಕನ ಗಂಡನಿಗೆ ಸೆಕೆ ತಡೆಯಲು ಆಗುವುದಿಲ್ಲ, ಹಾಗಾಗಿ ಇಡೀ ಮನೆ 68 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇರುತ್ತದೆ. ಅಪ್ಪ 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿ, "ಸರಿಯಾಗಿ ಇಪ್ಪತ್ತು, ಶೇಷ ಇಲ್ಲ" ಅಂತ ಖುಷಿಪಟ್ಟರು. ಅಮ್ಮ ಜುಲೈ ತಿಂಗಳಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಬಿಸಿಬೇಳೆಬಾತ್ ತಿಂದರು. ರಾತ್ರಿ ನಮ್ಮಿಬ್ಬರಿಗೆ ಗಾಳಿ ತುಂಬಿದ ಹಾಸಿಗೆ. ಅದರ ಮೇಲೆ ಒಬ್ಬರು ಹೊರಳಿದರೆ ಇನ್ನೊಬ್ಬರು ಏಳುತ್ತಾರೆ. ನಡುರಾತ್ರಿ ಅದರ ಗಾಳಿ ಎಲ್ಲಿಂದಲೋ ಹೋಗಿ, ಬೆಳಗಾಗುವಷ್ಟರಲ್ಲಿ ನಾವು ಅಕ್ಕನ ಮನೆಯ ನೆಲದ ಮೇಲೆ ನೇರವಾಗಿ ಮಲಗಿದ್ದೆವು. "ನಿದ್ದೆ ಚೆನ್ನಾಗಿ ಬಂತಾ?" ಅಂತ ಅಕ್ಕ ಕೇಳಿದಳು. "ತುಂಬಾ ಚೆನ್ನಾಗಿ" ಅಂದೆವು. ಅವಳೂ ಕಳೆದ ವರ್ಷ ನಮ್ಮ ಸೋಫಾ ಕಮ್ ಬೆಡ್ ಮೇಲೆ ಮಲಗಿ ಎದ್ದು ಇದೇ ಮಾತು ಹೇಳಿದ್ದಳು.

ಇಂಡಿಯಾನಾದಲ್ಲಿ ಕಾಲವೇ ಕೈಕೊಟ್ಟಿತು. ಆ ರಾಜ್ಯದ ಬಹುಪಾಲು ನಮ್ಮ ಟೈಮಿನಲ್ಲೇ ಇದೆ, ಶಿಕಾಗೋ ಕಡೆಯ ಮತ್ತು ನೈರುತ್ಯ ಮೂಲೆಯ ಒಂದಷ್ಟು ಕೌಂಟಿಗಳು ಮಾತ್ರ ಶಿಕಾಗೋ ಟೈಮು, ಒಂದು ಗಂಟೆ ಹಿಂದೆ. ಭಾವನವರು ಒಂದು ಗಂಟೆಗೆ ಊಟ ಅಂದಿದ್ದರು. ವ್ಯಾನಿನ ಗಡಿಯಾರ ಒಂದು ತೋರಿಸುತ್ತಿತ್ತು, ಫೋನು ಹನ್ನೆರಡು. ಅಪ್ಪನ ಎಚ್‌ಎಂಟಿ ವಾಚು ರಾತ್ರಿ ಹತ್ತೂವರೆ, ಏಕೆಂದರೆ ಅದು ಮೊದಲಿನಿಂದಲೂ ಮೈಸೂರಿನ ಟೈಮಿನಲ್ಲೇ ಇದೆ. "ಒಂಬತ್ತೂವರೆ ಗಂಟೆ ಕಳೀರಿ" ಅಂತ ನ್ಯೂಜೆರ್ಸಿಯಲ್ಲಿ ಬಾಯಿಪಾಠ ಮಾಡಿದ್ದರು, ಇಲ್ಲಿ ಅದು ಹತ್ತೂವರೆ ಆಗಿಹೋಯಿತು. ಲೆಕ್ಕದ ಮೇಷ್ಟರಿಗೆ ಸಿಟ್ಟು ಬಂತು. "ಒಂದೇ ರಾಜ್ಯದೊಳಗೆ ಎರಡು ಟೈಮು ಇಟ್ಕೊಂಡು ಸ್ಕೂಲಿನ ಗಂಟೆ ಹೇಗೆ ಹೊಡೀತಾರೆ?" ಅಂದರು. ನಾವು ಯಾವ ಗಡಿಯಾರವನ್ನು ನಂಬಬೇಕು ಅಂತ ಚರ್ಚೆ ಮಾಡುತ್ತಲೇ ಭಾವನವರ ಮನೆ ಮುಂದೆ ಇಳಿದೆವು. ಬಾಗಿಲು ತೆಗೆದವರು ಭಾವನವರೇ. ಲುಂಗಿ, ಮುಖದ ಅರ್ಧಕ್ಕೆ ಷೇವಿಂಗ್ ಕ್ರೀಮು, ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್. ಹಿಂದಿನಿಂದ ಓರಗಿತ್ತಿಯ ದನಿ: "ಬಂದೋರು ಪಕ್ಕದ ಮನೆಯವ್ರಾದ್ರೆ ಆಮೇಲೆ ಬನ್ನಿ ಅನ್ನಿ, ನಮ್ಮೋರು ಬರೋಕೆ ಇನ್ನೂ ಒಂದು ಗಂಟೆ ಇದೆ!"

ಇಷ್ಟೊತ್ತಿಗೆ ಡಬ್ಬಿಗಳ ವಿಷಯ ಗಂಭೀರವಾಗಿತ್ತು. ಅಮ್ಮನ ಕಾಯ್ದೆ ಪ್ರಕಾರ ಯಾರ ಡಬ್ಬಿಯನ್ನೂ ಖಾಲಿ ವಾಪಸ್ ಕೊಡಬಾರದು. ಪಿಟ್ಸ್‌ಬರ್ಗಿನವರಿಗೆ ಚಟ್ನಿಪುಡಿ ಕೊಟ್ಟೆವು, ಅವರು ಆ ಡಬ್ಬಿಗೆ ಹುಳಿಗೊಜ್ಜು ತುಂಬಿ ಕೊಟ್ಟರು. ಅದನ್ನು ಅಕ್ಕನ ಮನೆಯಲ್ಲಿ ಬಗ್ಗಿಸಿದರೆ ಅವಳು ಖಾರಾಸೇವೆ ಹಾಕಿ, ಜೊತೆಗೆ ತನ್ನದೇ ಎರಡು ಡಬ್ಬಿ ಸೇರಿಸಿದಳು. ಅವಳವು ಮೊಸರಿನ ಡಬ್ಬಿಗಳು. ಅಂದರೆ ಮೊಸರು ತಂದು ಮುಗಿಸಿದ ಮೇಲೆ ತೊಳೆದಿಟ್ಟ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳು, ಇಲ್ಲಿನ ಪ್ರತಿ ಕನ್ನಡಿಗರ ಮನೆಯಲ್ಲೂ ಒಂದು ಕಪಾಟಿನ ತುಂಬ ಇರುತ್ತವಲ್ಲ, ಅವು. ಹೊರಗೆ ಮೊಸರು ಅಂತ ಬರೆದಿರುತ್ತದೆ, ಒಳಗೆ ಏನಿದೆ ಅಂತ ತುಂಬಿದವರಿಗೇ ಗೊತ್ತು. ದಾರಿಯ ರೆಸ್ಟ್ ಏರಿಯಾದಲ್ಲಿ ನಮ್ಮವರು ಅನ್ನಕ್ಕೆ ಮೊಸರು ಅಂತ ಒಂದನ್ನು ಬಗ್ಗಿಸಿದರು. ಪಾಯಸ. ಕಲಸಿ ತಿಂದು "ಪರವಾಗಿಲ್ಲ" ಅಂದರು, ಮೇಲೆ ಉಪ್ಪಿನಕಾಯಿಯನ್ನೂ ನೆಂಚಿಕೊಂಡಿದ್ದರು.

ನೇಪರ್‌ವಿಲ್‌ನಿಂದ ಸೀದಾ ಮನೆಗೆ ಅಂತ ಇದ್ದದ್ದು. ಆದರೆ ಅಮ್ಮನ ಚಿಕ್ಕಮ್ಮನ ಮೊಮ್ಮಗ ಮಿಶಿಗನ್‌ನ ನೋವೈಯಲ್ಲಿ ಇದ್ದಾನೆ ಅನ್ನುವುದು ಹೊರಡುವ ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಬಯಲಾಯಿತು. "ಇಲ್ಲೇ ಪಕ್ಕದಲ್ಲಿ, ನಾಲ್ಕೇ ಗಂಟೆ" ಅಂದ. ಹೋದೆವು. ಒಳ್ಳೆ ಹುಡುಗ, ಅವನ ಹೆಂಡತಿ ಇನ್ನೂ ಒಳ್ಳೆಯವಳು. ನಮ್ಮ ಪ್ರಯಾಣದ ಆಯಾಸ ನೋಡಲಾರದೆ, "ರಾತ್ರಿ ಮನೆಗೆ ಹೋಗಿ ಬೆಳಿಗ್ಗೆ ತಿಂಡಿ ಏನು ಮಾಡ್ತೀರಿ ಅಕ್ಕಾ" ಅಂತ ಎರಡು ಮೊಸರಿನ ಡಬ್ಬಿ ತುಂಬಾ ಆಗತಾನೆ ರುಬ್ಬಿದ ಇಡ್ಲಿ ಹಿಟ್ಟು ಕೊಟ್ಟಳು. ಮುಚ್ಚಳದ ಸುತ್ತ ಟೇಪು ಸುತ್ತಿ, ಚೆಲ್ಲಬಾರದು ಅಂತ.

ಹಿಟ್ಟು ಏಳು ಸೀಟಿನ ವ್ಯಾನಿನ ಕೊನೆಗೆ, ಬಿಸಿಲು ಬೀಳುವ ಗಾಜಿನ ಕೆಳಗೆ ಕೂತಿತು. ಕೂಲರಿನಲ್ಲಿ ಜಾಗ ಇರಲಿಲ್ಲ, ಅಲ್ಲಿ ಉಳಿದ ಡಬ್ಬಿಗಳು ಇದ್ದವು. ಒಹಾಯೋ ದಾಟುವವರೆಗೂ ಸುಮ್ಮನಿತ್ತು. ಪೆನ್ಸಿಲ್ವೇನಿಯಾದಲ್ಲಿ ಐ-80 ಹೆದ್ದಾರಿ 311 ಮೈಲಿ ಇದೆ, ಎಷ್ಟು ಹೋದರೂ ಮರ, ಗುಡ್ಡ, ಮತ್ತೆ ಮರ. ಮಧ್ಯದಲ್ಲಿ ಒಂದು ಬೋರ್ಡು ಬರುತ್ತದೆ: ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಐ-80ರ ಅತಿ ಎತ್ತರದ ಜಾಗ, 2,250 ಅಡಿ. ಅಪ್ಪ ಅದನ್ನು ಮೀಟರಿಗೆ ತಿರುಗಿಸುತ್ತಿದ್ದರು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಹುದುಗುವ ಹಿಟ್ಟಿನೊಳಗಿನ ಗಾಳಿ ಜಾಸ್ತಿಯಾಗುತ್ತಲೇ ಇರುತ್ತದೆ. ಇದೆಲ್ಲ ಶಬ್ದ ಕೇಳಿಸಿದ ಮೇಲೆ ಅಪ್ಪನೇ ಕೊಟ್ಟ ವಿವರಣೆ. ಶಬ್ದ ಮಾತ್ರ ಟೈರು ಸಿಡಿದಂತೆಯೇ ಇತ್ತು. ನಮ್ಮವರು ಹೌಹಾರಿ ಗಾಡಿ ಪಕ್ಕಕ್ಕೆ ತೆಗೆದರು, ಇಳಿದು ನಾಲ್ಕೂ ಚಕ್ರ ಒದ್ದು ನೋಡಿದರು. ಒಳಗೆ ಮಗ ಅಲ್ಲಾಡದೆ ಕೂತಿದ್ದ. ಅವನ ಹೆಡ್‌ಫೋನಿನ ಮೇಲಿಂದ ಬೆಳ್ಳಗೆ ಏನೋ ನಿಧಾನವಾಗಿ ಕಿವಿಯ ಕಡೆ ಇಳಿಯುತ್ತಿತ್ತು.

ಮುಂದಿನ ರೆಸ್ಟ್ ಏರಿಯಾದಲ್ಲಿ ಕೈ ಒರೆಸುವ ಕಾಗದ ಮುಗಿಯುವವರೆಗೂ ಒರೆಸಿದೆವು. ಸೀಟಿನ ಹೊಲಿಗೆಗಳ ಸಂದಿಗೆ, ಸೀಟ್ ಬೆಲ್ಟಿನ ಬಕಲಿನೊಳಗೆ, ಕಪ್ ಇಡುವ ಗುಳಿಗೆ ಹೋದದ್ದು ಹೋಯಿತು. ಅಮ್ಮ ಪಕ್ಕದಲ್ಲಿ ನಿಂತು, "ಎಂಥಾ ಹದವಾಗಿ ಉಬ್ಬಿತ್ತು ನೋಡೇ, ನಮ್ಮನೇಲಿ ಒಂದು ದಿನ ಹೀಗೆ ಉಬ್ಬಲಿಲ್ಲ" ಅಂತ ಹಲುಬುತ್ತಿದ್ದರು. ಸಿಡಿಯದೆ ಉಳಿದ ಇನ್ನೊಂದು ಡಬ್ಬಿಯನ್ನು ಮನೆಯವರೆಗೂ ಮಡಿಲಲ್ಲೇ ಇಟ್ಟುಕೊಂಡು, ಅರ್ಧರ್ಧ ಗಂಟೆಗೆ ಮುಚ್ಚಳ ಸಡಿಲಿಸಿ ಗಾಳಿ ಬಿಡುತ್ತಿದ್ದರು. ಬೆಳಿಗ್ಗೆ ಇಡ್ಲಿ ಮಾತ್ರ ಮಲ್ಲಿಗೆ ಹೂವು.

ವ್ಯಾನನ್ನು ಎರಡು ಸಲ ತೊಳೆಸಿದ್ದಾಯಿತು. ಬಿಸಿಲಲ್ಲಿ ನಿಂತರೆ ಇವತ್ತಿಗೂ ಹುಳಿ ವಾಸನೆ ಎದ್ದು ಬರುತ್ತದೆ. ಮೊನ್ನೆ ಮಗಳನ್ನು ಸಾಕರ್‌ಗೆ ಬಿಡುವಾಗ ಅವಳ ಗೆಳತಿಯ ತಾಯಿಯೂ ಗಾಡಿ ಹತ್ತಿದಳು. ಕೂತವಳೇ ಮೂಗರಳಿಸಿ, ಸಂತೋಷದಿಂದ, "ನೀವೂ ಮನೆಯಲ್ಲೇ ಸೋರ್‌ಡೋ ಬ್ರೆಡ್ ಮಾಡ್ತೀರಾ?" ಅಂದಳು. ಹುಳಿ ಬರಿಸಿದ ಹಿಟ್ಟಿನ ಬ್ರೆಡ್ಡು ಅದು. ನಮ್ಮವರು ಒಂದು ಕ್ಷಣವೂ ಯೋಚಿಸದೆ ಹೌದು ಅಂದುಬಿಟ್ಟಿದ್ದಾರೆ. ಈ ಶನಿವಾರ ಅವಳು ಬ್ರೆಡ್ಡಿಗೆ ಹೆಪ್ಪು ತಗೊಂಡು ಹೋಗಲು ಬರುತ್ತಾಳಂತೆ, ತನ್ನದೇ ಡಬ್ಬಿ ತರುತ್ತಾಳಂತೆ.