ಮರದ ಬುಡಕ್ಕೆ ಒಂದು ಮೀಟರ್ ಮಣ್ಣು ಬಿಡಿ

ಜೂನ್ ಬಂತೆಂದರೆ ನಮ್ಮ ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಸಸಿ ನೆಡುವ ಫೋಟೋಗಳು. ಸಸಿ ಒಂದು, ಅದನ್ನು ಹಿಡಿದುಕೊಂಡವರು ಹತ್ತು ಜನ. ನೆಡಲಿ, ಬೇಡ ಅನ್ನುವುದಿಲ್ಲ. ಆದರೆ ಈಗಾಗಲೇ ಬೆಳೆದು ನಿಂತಿರುವ ಮರದ ಬುಡಕ್ಕೆ ಮಳೆನೀರು ಇಳಿಯುತ್ತಿದೆಯಾ ಅಂತ ಯಾರೂ ಬಗ್ಗಿ ನೋಡುವುದಿಲ್ಲ.

ನಾನಿರುವ ಬರ್ಲಿನ್ ಮಳೆಯ ಊರೇನಲ್ಲ. ವರ್ಷಕ್ಕೆ ಸುಮಾರು 570–580 ಮಿಲಿಮೀಟರ್ ಬಿದ್ದರೆ ಹೆಚ್ಚು. ಆದರೂ ಬೀದಿಬದಿಯಲ್ಲೇ 4 ಲಕ್ಷಕ್ಕೂ ಜಾಸ್ತಿ ಮರಗಳಿವೆ. ಕಾಂಡಕ್ಕೆ ಹೊಡೆದ ಪುಟ್ಟ ತಗಡಿನಲ್ಲಿ ಮರದ ನಂಬರ್ ಇರುತ್ತದೆ. ನಮ್ಮಲ್ಲಿ ಕರೆಂಟ್ ಕಂಬಕ್ಕೆ ನಂಬರ್ ಉಂಟು, ಪಕ್ಕದ ಹೊಂಗೆ ಮರಕ್ಕೆ ಇಲ್ಲ. ಮರಗಳ ಗಣತಿ ಮಾಡಬೇಕು ಅಂತ 1976ರ ಕರ್ನಾಟಕದ ಮರ ಸಂರಕ್ಷಣೆ ಕಾಯ್ದೆಯಲ್ಲೇ ಇದೆ ಅನ್ನುವುದು ಬೇರೆ ಮಾತು.

2018, 2019ರ ಬೇಸಿಗೆಗಳಲ್ಲಿ ಇಲ್ಲಿ ಮಳೆ ಕೈಕೊಟ್ಟಿತು, ಮರಗಳು ಒಣಗಿದವು. 2020ರಲ್ಲಿ ಒಂದು ವೆಬ್‌ ನಕ್ಷೆ ಬಂತು. ನಮ್ಮ ಬೀದಿಯ ಮರ ಒತ್ತಿದರೆ ಕಳೆದ 30 ದಿನಗಳಲ್ಲಿ ಅದಕ್ಕೆ ಎಷ್ಟು ಮಳೆ ಸಿಕ್ಕಿದೆ ಅಂತ ತೋರಿಸುತ್ತದೆ. ಬೇಕಾದವರು ಒಂದು ಮರವನ್ನು ದತ್ತು ತೆಗೆದುಕೊಂಡು, ಹಾಕಿದ ನೀರನ್ನು ಅಲ್ಲೇ ಬರೆದಿಡಬಹುದು. ನೀರು ಎಲ್ಲಿಂದ? ತುರ್ತು ಕಾಲಕ್ಕೆ ಅಂತ ಉಳಿಸಿಕೊಂಡಿರುವ ಹಳೇ ಕೈಪಂಪುಗಳು ಊರಿನ ತುಂಬ ಇವೆ. ಸಂಜೆ ಹೊತ್ತು ಮಕ್ಕಳು ಪಂಪಿಗೆ ಜೋತುಬಿದ್ದು ಒತ್ತುತ್ತಾರೆ, ದೊಡ್ಡವರು ಬಕೆಟ್ ಹೊರುತ್ತಾರೆ. ನೀರು ಇಂಗುತ್ತದೆ, ಯಾಕೆಂದರೆ ಬುಡದ ಸುತ್ತ ಮಣ್ಣಿದೆ.

ಬರ್ಲಿನ್ನೇನು ಸಾಚಾ ಅಲ್ಲ. ಎಷ್ಟೋ ವರ್ಷ ನೆಟ್ಟದ್ದಕ್ಕಿಂತ ಕಡಿದದ್ದೇ ಜಾಸ್ತಿ. ಆದರೆ ಒಂದು ಕಟ್ಟಳೆ ನನಗೆ ಹಿಡಿಸಿದೆ. 2000ದಿಂದ ಇಲ್ಲಿ ಮಳೆನೀರಿಗೂ ಪ್ರತ್ಯೇಕ ಬಿಲ್. ನಿಮ್ಮ ಚಾವಣಿ, ಅಂಗಳದ ಕಾಂಕ್ರೀಟ್ ಎಷ್ಟು ಚದರ ಮೀಟರ್‌ನ ನೀರನ್ನು ಚರಂಡಿಗೆ ಬಿಡುತ್ತದೋ ಅಷ್ಟಕ್ಕೆ ದುಡ್ಡು. ಕಾಂಕ್ರೀಟ್ ಒಡೆದು ಮಣ್ಣು ಬಿಟ್ಟರೆ ಬಿಲ್ ಇಳಿಯುತ್ತದೆ. ಮನೆ ಮುಂದೆ ಒಂದಿಂಚೂ ಬಿಡದೆ ಸಿಮೆಂಟ್ ಬಳಿಯುವ ನಮಗೆ ಇಂಥದ್ದೊಂದು ಬೇಕು, ಅಲ್ವಾ?

ಹೋದ ಸಲ ಊರಿಗೆ ಬಂದಾಗ ಎಸ್.ಎಸ್. ಪುರಂನಲ್ಲಿ ನೋಡಿದೆ. ಹೊಂಗೆ ಮರದ ಕಾಂಡಕ್ಕೆ ಒತ್ತಿಕೊಂಡೇ ಟೈಲ್ಸ್ ಕೂರಿಸಿದ್ದಾರೆ. ಸಂದಿಗೆ ಸಿಮೆಂಟ್ ಬೇರೆ ತುಂಬಿದ್ದಾರೆ. ಒಳಗಿನಿಂದ ಬೇರು ಎತ್ತಿ ಎತ್ತಿ ಎರಡು ಟೈಲ್ಸ್ ಬಾಯಿ ಬಿಟ್ಟಿವೆ. ಇನ್ನು ಸ್ವಲ್ಪ ದಿನಕ್ಕೆ ಮರದಿಂದ ಫುಟ್‌ಪಾತ್ ಹಾಳಾಯಿತು ಅಂತ ಕೊಡಲಿ ಬರುತ್ತದೆ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು.

ಪಕ್ಕದ ಮನೆ ಆಂಟಿಗೆ ಇದನ್ನೆಲ್ಲ ಹೇಳಿದರೆ, "ಅದು ಸರಿ ಕಣಪ್ಪ, ಎಲೆ ಗುಡಿಸೋರ್ಯಾರು? ಮಳೆ ಬಂದ್ರೆ ಕೆಸರು, ಸ್ಕೂಟರ್ ಎಲ್ಲಿ ನಿಲ್ಸೋದು?" ಅಂದರು. ನ್ಯಾಯವಾದ ಪ್ರಶ್ನೆ. ದಿನಾ ಪೊರಕೆ ಹಿಡಿಯುವವರು ಅವರು, ನಾನಲ್ಲ. ಅದಕ್ಕೇ ಬೀದಿಯೆಲ್ಲ ಮಣ್ಣಾಗಲಿ ಅನ್ನುತ್ತಿಲ್ಲ. ಸ್ಕೂಟರ್ ನಿಲ್ಲುವ ಕಡೆ ಟೈಲ್ಸ್ ಇರಲಿ, ಬುಡದ ಸುತ್ತ ಮಾತ್ರ ಬಿಡಿ. ಉದುರಿದ ಎಲೆಯನ್ನು ಅಲ್ಲೇ ಬುಡಕ್ಕೆ ತಳ್ಳಿದರೆ ಕೆಸರೂ ಕಡಿಮೆ, ಗುಡಿಸಿ ಸಾಗಿಸುವ ಕೆಲಸವೂ ಕಡಿಮೆ.

ಬರ್ಲಿನ್‌ನಿಂದ ಕಲಿಯಬೇಕು ಅಂತೇನೂ ಇಲ್ಲ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ. ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಆಲದ ಸಸಿಗಳನ್ನು ಉಳಿಸಿಕೊಂಡವರು. ಆ ನೀರು ಇಂಗಲು ಅಲ್ಲಿ ಮಣ್ಣಿತ್ತು.

ಮುಂದಿನ ಸಲ ಫುಟ್‌ಪಾತ್ ಕೆಲಸಕ್ಕೆ ಎಸ್ಟಿಮೇಟ್ ಹಾಕುವಾಗ ಈ ಒಂದು ಮೀಟರ್ ಅನ್ನೂ ಬರೆಯಲಿ. ಟೈಲ್ಸ್ ಕಡಿಮೆ ಬೇಕಾಗುತ್ತದೆ, ಖರ್ಚೂ ಇಳಿಯುತ್ತದೆ. ಈಗಾಗಲೇ ಹಾಕಿರುವ ಕಡೆ ಮುಂಗಾರಿಗೆ ಮುಂಚೆ ಮರಕ್ಕೆ ಏಳೆಂಟು ಟೈಲ್ಸ್ ಕಿತ್ತರೂ ಸಾಕು, ಒಂದು ಹಾರೆ ಇದ್ದರೆ ಆಗುವ ಕೆಲಸ.